ವಿಟಮಿನ್ ಬಾಟಲಿಯಲ್ಲಿ ಬಚ್ಚಿಟ್ಟ ಕಾಯಿಲೆ

ಫಾರ್ಮಸಿ ಯಾಕೆ ತಗೊಂಡ್ರಿ ಎಂದು ನನ್ನನ್ನು ಕೇಳದವರಿಲ್ಲ. ಕಾಲೇಜಿಗೆ ಸೇರುವಾಗ ಕೇಳಿದರು, ಕೆಲಸದ ಸಂದರ್ಶನದಲ್ಲಿ ಕೇಳಿದರು, ನೋಡಲು ಬಂದ ಗಂಡಿನ ಕಡೆಯವರು ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು. ಈಗ ನಾನು ಕೆಲಸ ಮಾಡುವ ಜೆ.ಪಿ. ನಗರದ ಮೆಡಿಕಲ್ ಶಾಪಿನಲ್ಲಿ, ಬಿ.ಪಿ. ಮಾತ್ರೆಗೆ ಬರುವ ಅಂಕಲ್‌ಗಳೂ ಸುಮ್ಮನೆ ಮಾತಿಗೆ ಕೇಳುತ್ತಾರೆ. ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ. "ನಮ್ಮಜ್ಜಿ ಆಸ್ಪತ್ರೇಲಿದ್ದಾಗ ಅಲ್ಲೊಬ್ರು ಫಾರ್ಮಸಿಸ್ಟ್ ಮೇಡಂ ಇದ್ರು ಸಾರ್. ಎಷ್ಟು ಕಾಳಜಿಯಿಂದ ವಿಚಾರಿಸ್ತಿದ್ರು ಅಂದ್ರೆ, ಅವರನ್ನ ನೋಡೇ ನಾನೂ ಇದೇ ಓದ್ಬೇಕು ಅನ್ಕೊಂಡೆ."

ಕೇಳಿದವರು ತಲೆದೂಗುತ್ತಾರೆ. ಅಜ್ಜಿ ನಿಜ, ಆಸ್ಪತ್ರೆ ನಿಜ, ಮೇಡಂ ನಿಜ. ಆ ಮೇಡಂಗೆ ನಾನು ಏನು ಮಾಡಿದೆ ಅನ್ನುವುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೂರ್ಛೆ ರೋಗ ಇರುವವರು, ಅದನ್ನು ನನ್ನ ಹಾಗೆ ಬಚ್ಚಿಟ್ಟುಕೊಂಡು ಬದುಕುತ್ತಿರುವವರು ಇದನ್ನು ಓದಬಹುದು ಎಂದು ಈಗ ಬರೆಯುತ್ತಿದ್ದೇನೆ. ಧೈರ್ಯ ಹೇಳುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ್ದನ್ನು ನೀವು ಮಾಡದಿದ್ದರೆ ಸಾಕು.

ಮೊದಲ ಸಲ ಫಿಟ್ಸ್ ಬಂದಾಗ ನನಗೆ ಹದಿನೇಳು. ಎರಡನೇ ಪಿ.ಯು. ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ, ಕಾಲೇಜು ಬಿಟ್ಟು ಬಿಳೇಕಹಳ್ಳಿಯ ಮನೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದೆ. ಬಾಯಲ್ಲಿ ಏನೋ ಕಬ್ಬಿಣದ ರುಚಿ ಬಂದಂತಾಯಿತು, ಎದುರಿನ ಹೂವಿನ ಅಂಗಡಿ ಒಂದು ಪಕ್ಕಕ್ಕೆ ವಾಲಿತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮೂಗಿನ ಹತ್ತಿರ ಯಾರದೋ ಚಪ್ಪಲಿ ಹಿಡಿದಿದ್ದರು. ಸುತ್ತ ಕಾಲುಗಳು. ಬಟ್ಟೆ ಒದ್ದೆಯಾಗಿತ್ತು. ಬೆವರಿನಿಂದಲ್ಲ. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ನನಗೆ ಕಾಯಿಲೆಯ ಭಯಕ್ಕಿಂತ ಮೊದಲು ಹುಟ್ಟಿದ್ದು ನಾಚಿಕೆ. ಅದು ಇವತ್ತಿಗೂ ಮೊದಲೇ ಬರುತ್ತದೆ.

ನನ್ನ ಬಲಗೈ ಮುಷ್ಟಿಯಲ್ಲಿ ಒಂದು ಸ್ಕೂಟರ್ ಕೀ ಇತ್ತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ಯಾರೋ ಪುಣ್ಯಾತ್ಮರು ತಮ್ಮ ಗಾಡಿಯ ಕೀಯನ್ನೇ ಇಟ್ಟಿದ್ದರು. ಅದರಿಂದ ಏನೂ ಆಗುವುದಿಲ್ಲ ಅಂತ ಈಗ ನನಗೆ ಗೊತ್ತು, ಬಂದವರಿಗೆಲ್ಲ ಹೇಳುತ್ತಲೂ ಇರುತ್ತೇನೆ. ಆದರೆ ಅವತ್ತು ಹೂವಿನವಳು ನನ್ನನ್ನು ಆಟೋದಲ್ಲಿ ಕೂರಿಸಿ, ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಮ್ಮ ಬರುವ ತನಕ ನನ್ನ ಪಕ್ಕದಲ್ಲೇ ಕೂತಳು. ಹತ್ತು ನಿಮಿಷ ಕಳೆದ ಮೇಲೆ ಹೆಲ್ಮೆಟ್ ಹಾಕಿಕೊಂಡ ಒಬ್ಬರು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು.

"ಈಗ ಹೇಗಿದ್ದೀಯಮ್ಮ?" ಅಂದರು. ಆಮೇಲೆ ತುಂಬ ಸಂಕೋಚದಿಂದ, "ಅರ್ಜೆಂಟೇನಿಲ್ಲ. ನನ್ ಗಾಡಿ ಕೀ ನಿನ್ ಕೈಲಿದೆ."

ಹೂವಿನವಳು ನಕ್ಕುಬಿಟ್ಟಳು. ನಾನು ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ಕೀಯ ಅಚ್ಚು ಬಿದ್ದಿತ್ತು. ಆ ದಿನದಲ್ಲಿ ನೆನೆಸಿಕೊಳ್ಳಲು ಇಷ್ಟವಾಗುವುದು ಇದೊಂದೇ.

ನರರೋಗದ ಡಾಕ್ಟರು ಸಿಕ್ಕಿದ್ದು ಮುಂದಿನ ವಾರ. ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್. ಕಾಯುವ ಜಾಗದಲ್ಲಿ ಹನ್ನೆರಡು ಕುರ್ಚಿ, ಎಲ್ಲರೂ ಗೋಡೆಯ ಟಿ.ವಿ.ಯನ್ನೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದಳು. ಬಿಳೇಕಹಳ್ಳಿಯಲ್ಲಿ ನಮ್ಮದು ಹಳೆಯ ಮನೆತನ. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ರಸ್ತೆಯಲ್ಲಿ ಅರ್ಧ ಜನ ನೆಂಟರು, ಇನ್ನರ್ಧ ಜನ ಬಾಡಿಗೆದಾರರು. ಯಾರಾದರೂ ನೋಡಿಬಿಟ್ಟರೆ ಅನ್ನುವುದೇ ಅಮ್ಮನ ಚಿಂತೆ.

ಡಾಕ್ಟರು ಸ್ಕ್ಯಾನ್ ನೋಡಿ, ತಲೆಗೆ ವೈರು ಅಂಟಿಸಿ ತೆಗೆದ ಪಟ್ಟಿ ನೋಡಿ, ದಿನಕ್ಕೆರಡು ಮಾತ್ರೆ ಬರೆದರು. "ತಪ್ಪಿಸ್ಬಾರದು. ಒಂದಿನಾನೂ ತಪ್ಪಿಸ್ಬಾರದು. ಮಿಕ್ಕಂತೆ ಎಲ್ಲರ ಥರಾನೇ ಇರು, ಓದು, ಆಡು" ಎಂದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಇದು ಎಲ್ಲರಿಗೂ ಹೇಳ್ಬೇಕಾ ಸಾರ್?"

"ಜೊತೇಲಿರೋರಿಗೆ ಗೊತ್ತಿರ್ಬೇಕಮ್ಮ. ಬಿದ್ದಾಗ ನೋಡ್ಕೊಳ್ಳೋಕೆ."

ಅಮ್ಮ ತಲೆಯಾಡಿಸಿದಳು. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು, "ಯಾರ ಮುಂದೇನೂ ಬಾಯ್ ಬಿಡ್ಬೇಡ ಕಣೇ. ನಿಮ್ಮಜ್ಜಿಗಂತೂ ಮೊದ್ಲೇ ಬೇಡ" ಅಂದಳು.

ಅಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಒಳ್ಳೆಯವಳು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮನೆಯ ಸಾರಿನ ಉಪ್ಪು ಹೆಚ್ಚಾದದ್ದು ಕೂಡ ಬೀದಿಗೆಲ್ಲ ಗೊತ್ತಾಗಿರುತ್ತಿತ್ತು. ಇನ್ನು ಫಿಟ್ಸ್ ಅಂದರೆ ಕೇಳಬೇಕೇ. ಅದೇ ಹೊತ್ತಿಗೆ ಅಣ್ಣನ ಮದುವೆಯ ಮಾತೂ ನಡೆಯುತ್ತಿತ್ತು. ಮೊಮ್ಮಗಳಿಗೆ ಹೀಗಂತೆ ಅಂದರೆ ಅಣ್ಣನ ಮದುವೆಯೂ ನಿಲ್ಲುತ್ತದೆ, ಮುಂದೆ ನನ್ನದೂ ಇಲ್ಲ ಎಂದು ಅಮ್ಮ ಲೆಕ್ಕ ಹಾಕಿದ್ದಳು. ಹಾಗಾಗಿ ವಿಷಯ ಗೊತ್ತಿದ್ದದ್ದು ಅಮ್ಮ, ಅಪ್ಪ, ಅಣ್ಣ, ನಾನು. ನಾಲ್ವರೇ.

ವಿಟಮಿನ್ ಬಾಟಲಿ ಅಮ್ಮನ ಉಪಾಯ. ಮಾತ್ರೆಯ ಪಟ್ಟಿ ಮೇಲೆ ಹೆಸರಿರುತ್ತದೆ, ಯಾರಾದರೂ ಫೋನಿನಲ್ಲಿ ಹುಡುಕಿ ನೋಡಿದರೆ ಮುಗಿಯಿತು. ಅದಕ್ಕೇ ತಿಂಗಳಿಗೊಮ್ಮೆ ರೂಮಿನ ಬಾಗಿಲು ಹಾಕಿಕೊಂಡು ಒಂದೊಂದೇ ಮಾತ್ರೆ ಬಿಡಿಸಿ, ಖಾಲಿಯಾಗಿದ್ದ ಒಂದು ವಿಟಮಿನ್ ಬಾಟಲಿಗೆ ತುಂಬುತ್ತಿದ್ದಳು. ಬಾಟಲಿಯ ಮೇಲೆ ಓಡುತ್ತಿರುವ ಹುಡುಗಿಯ ಚಿತ್ರ. ಅದನ್ನು ಬಚ್ಚಿಡುವ ಹಾಗೂ ಇಲ್ಲ, ಬಚ್ಚಿಟ್ಟರೆ ಅನುಮಾನ ಬರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಜಾಡಿಯ ಪಕ್ಕ, ಎಲ್ಲರ ಕಣ್ಣೆದುರಿಗೇ ಇಟ್ಟಳು. ಖಾಲಿ ಪಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕುತ್ತಿದ್ದಳು. ನಾನು ಅವನ್ನು ಕಾಲೇಜಿನ ಕಸದ ಡಬ್ಬಕ್ಕೆ ಹಾಕಿ ಬರುತ್ತಿದ್ದೆ. ಪಿ.ಯು. ಮಕ್ಕಳು ಕದ್ದುಮುಚ್ಚಿ ಏನೇನೋ ಒಯ್ಯುತ್ತಾರೆ, ನಾನು ಒಯ್ಯುತ್ತಿದ್ದದ್ದು ಇದನ್ನು.

ಮಾತ್ರೆ ನನಗೆ ಒಗ್ಗಿತು. ಶುರುವಿನಲ್ಲಿ ತಲೆ ಭಾರ, ನಿದ್ದೆ, ಬೋರ್ಡಿನ ಮೇಲೆ ಅಕ್ಷರ ಎರಡೆರಡಾಗಿ ಕಾಣುವುದು. ತಿಂಗಳೆರಡರಲ್ಲಿ ಅದೆಲ್ಲ ಇಳಿಯಿತು. ಫಿಟ್ಸ್ ನಿಂತಿತು.

ಅಣ್ಣನ ಮದುವೆ ಅಮ್ಮ ನೋಡಿದ ಹುಡುಗಿಯ ಜೊತೆ ಆಗಲಿಲ್ಲ. ಬಿ.ಟಿ.ಎಂ.ನಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದ ಗದಗಿನ ಹುಡುಗಿ ಶ್ರೀದೇವಿಯನ್ನು ಅಣ್ಣ ಇಷ್ಟಪಟ್ಟು ಕರೆತಂದ. ಅಮ್ಮ ಒಪ್ಪಿದಳು, ಆದರೆ ಪೂರ್ತಿ ಒಪ್ಪಲಿಲ್ಲ. ಅತ್ತಿಗೆ ಜೋಳದ ರೊಟ್ಟಿ ತಟ್ಟಿದರೆ ಸದ್ದು ಜಾಸ್ತಿ, ಮಾತಾಡಿದರೆ ಒರಟು ಅನ್ನುತ್ತಿದ್ದಳು. ನನಗಂತೂ ಅತ್ತಿಗೆ ಬಹಳ ಹಿಡಿಸಿದಳು. "ಅತ್ತಿಗೆ ಅನ್ನಬ್ಯಾಡ, ವೈನಿ ಅನ್ನು, ಕೇಳಿ ಭಾಳ ದಿನ ಆತು" ಎನ್ನುತ್ತಿದ್ದಳು. ನಾಲಿಗೆ ಹೊರಳದೆ ನಾನು ಅತ್ತಿಗೆ ಎಂದೇ ಉಳಿದೆ. ಇಷ್ಟೆಲ್ಲ ಸಲಿಗೆ ಇದ್ದರೂ ಕಾಯಿಲೆಯ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ.

ಅವಳು ಬಂದು ಎರಡು ತಿಂಗಳಾಗಿದ್ದಾಗ ಅಡುಗೆಮನೆಯಲ್ಲಿ ಅಜ್ಜಿ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದದ್ದನ್ನು ನೋಡಿದೆ. ಅತ್ತಿಗೆ ಅಲ್ಲೇ ಹಿಟ್ಟು ನಾದುತ್ತಿದ್ದಳು.

"ಅಜ್ಜಿ, ಅದು ಬೇಡ" ಎಂದೆ.

"ಯಾಕಮ್ಮಿ? ಶಕ್ತಿ ಬರೋದು ನಿಂಗೆ ಮಾತ್ರಾನಾ? ಮಂಡಿ ಎದ್ದೇಳಕ್ಕೇ ಆಗಲ್ಲ ಅಂತದೆ ನಂಗೆ" ಎಂದು ಎರಡು ಮಾತ್ರೆ ಬಾಯಿಗೆ ಹಾಕಿಕೊಂಡಳು.

ನಾನು ಕೈ ಹಿಡಿದು ತಡೆಯಬಹುದಿತ್ತು. ಯಾಕೆ ಬೇಡ ಅಂತ ಅತ್ತಿಗೆ ತಿರುಗಿ ನೋಡಿದ್ದಳು. ಒಂದು ಮಾತು ಸಾಕಿತ್ತು. "ಅದು ನನ್ನ ಫಿಟ್ಸ್ ಮಾತ್ರೆ." ನಾಲ್ಕು ಶಬ್ದ. "ಜಾಸ್ತಿ ತಗೋಬಾರ್ದು ಅಜ್ಜಿ" ಎಂದು ನಕ್ಕು ಹೊರಗೆ ಹೋದೆ.

ಆಮೇಲೆ ಇನ್ನೊಂದು ಸಲವೂ ನೋಡಿದೆ. ಆ ತಿಂಗಳು ಬಾಟಲಿ ಹತ್ತು ದಿನ ಮುಂಚೆಯೇ ಖಾಲಿಯಾಯಿತು. ಅಮ್ಮ ಗಾಬರಿಯಾಗಿ, "ಎರಡೆರಡು ನುಂಗ್ತಿದ್ದೀಯೇನೇ?" ಎಂದು ಕೇಳಿದಳು. ಕೈ ಜಾರಿ ಸಿಂಕಿಗೆ ಬಿತ್ತು ಅಂದೆ. ಅಮ್ಮ ಹೊಸದಾಗಿ ತುಂಬಿದಳು. ಅಜ್ಜಿ ಬೆಳಿಗ್ಗೆ ಎದ್ದರೆ ತಲೆ ಸುತ್ತುತ್ತದೆ ಎನ್ನತೊಡಗಿದ್ದಳು. ವಯಸ್ಸಾಯಿತು ಎಂದು ಎಲ್ಲರೂ ಅಂದೆವು. ನಾನೂ ಅಂದೆ.

ಅದು ಶನಿವಾರ, ಅತ್ತಿಗೆಗೆ ಆಫೀಸು ರಜೆ. ಒಂಬತ್ತು ಗಂಟೆಗೆ ಮನೆಯೆಲ್ಲ ಒರೆಸಿದ್ದಳು. ಹನ್ನೊಂದಕ್ಕೆ ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಅಜ್ಜಿ ಬಿದ್ದಳು. ನಾನು ಅಲ್ಲೇ ದಿವಾನದ ಮೇಲೆ ಓದುತ್ತ ಕೂತಿದ್ದೆ, ಬೀಳುವುದನ್ನು ನೋಡಿದೆ. ಕಾಲು ಜಾರಲಿಲ್ಲ. ಕುಡಿದವರ ಹಾಗೆ ಒಂದು ಕಡೆ ವಾಲಿ, ಗೋಡೆ ಹಿಡಿಯಲು ಕೈ ಚಾಚಿ, ಗೋಡೆ ಸಿಗದೆ ಬಿದ್ದಳು. ನಾನು ಓಡಿಹೋಗಿ ಪಕ್ಕದಲ್ಲಿ ಮಂಡಿಯೂರಿದೆ. ನೆಲ ಒಣಗಿತ್ತು. ನನ್ನ ಅಂಗೈಗೆ ಒಂದು ಹನಿ ನೀರು ಹತ್ತಲಿಲ್ಲ.

ಅಮ್ಮ ಬಂದವಳೇ ಅಂದ ಮೊದಲ ಮಾತು, "ಎಷ್ಟು ಸಲ ಹೇಳಿದೀನಿ ನೀರು ಹಿಂಡಿ ಒರೆಸು ಅಂತ!"

"ಒಂಬತ್ತಕ್ಕ ಒರಸೇನ್ರಿ ಅತ್ತಿ" ಎಂದಳು ಅತ್ತಿಗೆ. "ಹನ್ನೊಂದರತನಾ ಹಸಿ ಇರ್ತದೇನ್ರಿ? ಕೈಯಿಟ್ಟು ನೋಡ್ರಿ, ಒಣಗೇತಿ."

ಕೈಯಿಟ್ಟು ನೋಡಿದವಳು ನಾನೊಬ್ಬಳೇ. ಸುಮ್ಮನಿದ್ದೆ.

ಸೊಂಟದ ಮೂಳೆ ಮುರಿದಿತ್ತು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ತೀರಾ ಕಡಿಮೆ ಬಂತು. ಡಾಕ್ಟರು ಅಜ್ಜಿ ಏನೇನು ಮಾತ್ರೆ ತಗೋತಾರೆ ಎಂದು ಕೇಳಿದರು. ಬಿ.ಪಿ.ದು ಒಂದೇ ಎಂದಳು ಅಮ್ಮ. ಅರ್ಧ ಗಂಟೆಯ ಮೇಲೆ ಬಿಳಿ ಕೋಟು ಹಾಕಿದ ಫಾರ್ಮಸಿಸ್ಟ್ ಮೇಡಂ ಬಂದರು. ನಲವತ್ತರ ಆಸುಪಾಸು, ಕನ್ನಡಕ, ಕೈಯಲ್ಲಿ ಒಂದು ಪುಟ್ಟ ನೋಟ್ ಪುಸ್ತಕ. ನನ್ನನ್ನೇ ನೋಡಿ ಹೇಳಿದರು.

"ನೀನು ಓದಿರೋಳು, ಒಂದು ಕೆಲಸ ಮಾಡು ಪುಟ್ಟ. ಮನೇಗೆ ಹೋಗಿ ಅಜ್ಜಿ ಕೈಗೆ ಸಿಗೋ ಎಲ್ಲಾ ಮಾತ್ರೆನೂ ಒಂದು ಕವರಿಗೆ ಹಾಕ್ಕೊಂಡು ಬಾ. ಆಯುರ್ವೇದ, ಟಾನಿಕ್ಕು, ವಿಟಮಿನ್ನು, ಏನೂ ಬಿಡ್ಬೇಡ. ಮನೇಲಿ ವಯಸ್ಸಾದವರು ಯಾವ್ದೋ ಬಾಟ್ಲಿ ತೆಗೆದು ಏನೋ ನುಂಗಿರ್ತಾರೆ, ನಮಗೆ ಗೊತ್ತೇ ಆಗಲ್ಲ."

ಅತ್ತಿಗೆಯೂ ನಾನೂ ಆಟೋದಲ್ಲಿ ಮನೆಗೆ ಬಂದೆವು. ಅತ್ತಿಗೆ ಕವರು ಹಿಡಿದು ನಿಂತಳು, ನಾನು ಒಂದೊಂದೇ ತಂದು ಹಾಕಿದೆ. ಬಿ.ಪಿ. ಮಾತ್ರೆ, ಕೀಲು ನೋವಿನ ಎಣ್ಣೆ, ಜೀರ್ಣದ ಚೂರ್ಣ, ಕೆಮ್ಮಿನ ಸಿರಪ್ಪು.

"ಆ ವಿಟಮಿನ್ ಬಾಟ್ಲಿ?" ಎಂದಳು ಅತ್ತಿಗೆ. "ಅಜ್ಜೀನೂ ತಗೊಂತಿದ್ರಲ್ಲ ಹೇಮಾ."

"ಅದು ನಂದು ಅತ್ತಿಗೆ. ಅವತ್ತೊಂದೇ ಸಲ ತಗೊಂಡಿದ್ದು. ಬರೀ ವಿಟಮಿನ್ ತಾನೆ" ಎಂದೆ. ಅವಳು ಆಚೆ ಹೋದ ಮೇಲೆ ಬಾಟಲಿಯನ್ನು ಕಾಲೇಜು ಬ್ಯಾಗಿನ ತಳಕ್ಕೆ ತುರುಕಿದೆ.

ಇದನ್ನು ನನ್ನಿಂದ ಯಾರೂ ಮಾಡಿಸಲಿಲ್ಲ. ಅಮ್ಮ ಹೇಳಿರಲಿಲ್ಲ. ನನ್ನ ಕೈಯೇ ಮಾಡಿದ್ದು.

ಮೇಡಂ ಕವರನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಎತ್ತಿ ನೋಡಿದರು. "ಇಷ್ಟೇನಾ?" ಎಂದರು. "ಇಷ್ಟೇ ಮೇಡಂ" ಎಂದೆ. ಇನ್ನೊಂದು ಸಲ ನನ್ನ ಮುಖ ನೋಡಿದರು. "ಏನಾದ್ರೂ ನೆನಪಾದ್ರೆ ಬಂದು ಹೇಳು. ಯಾರೂ ಬೈಯಲ್ಲ" ಎಂದು ಹೋದರು. ಅವರ ಕೋಣೆ ಕೆಳಗಿನ ಮಹಡಿಯಲ್ಲಿ, ಲಿಫ್ಟಿನ ಎದುರಿಗೇ ಇತ್ತು. ಹನ್ನೊಂದು ದಿನ ಆ ಕೋಣೆಯ ಮುಂದೆ ಓಡಾಡಿದೆ. ಒಳಗೆ ಹೋಗಲಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಅಮ್ಮ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೇಳಿದಳು. "ಬಾಟ್ಲಿ ತಂದ್ಯಾ?"

"ಇಲ್ಲ."

"ಒಳ್ಳೇದಾಯ್ತು."

ಅಮ್ಮನಿಗೂ ಗೊತ್ತಾಗಿತ್ತು ಎಂದು ನನಗೆ ತಿಳಿದದ್ದು ಆಗ. ಈ ವಿಷಯದಲ್ಲಿ ನಾವಿಬ್ಬರೂ ಆಡಿದ ಮಾತು ಇಷ್ಟೇ. ಆಸ್ಪತ್ರೆಯಲ್ಲಿ ಆ ಮಾತ್ರೆ ಸಿಗದೆ ಅಜ್ಜಿಯ ಸೋಡಿಯಂ ತಾನಾಗೇ ಸರಿಹೋಯಿತು. ವಯಸ್ಸಾದವರಲ್ಲಿ ಹೀಗಾಗುತ್ತದೆ ಎಂದು ಡಾಕ್ಟರು ಬರೆದು ಮುಗಿಸಿದರು. ಅಮ್ಮ ಬಾಟಲಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು.

ಉಳಿದದ್ದು ಒದ್ದೆ ನೆಲದ ಕತೆ. ನೋಡಲು ಬಂದವರಿಗೆಲ್ಲ ಅಜ್ಜಿ ಅದನ್ನೇ ಹೇಳಿದಳು, "ನಮ್ ಮೊಮ್ಮಗನ ಹೆಂಡ್ತಿ ನೆಲ ಒದ್ದೆ ಮಾಡಿದ್ಲು, ಬಿದ್ನವ್ವ." ಗದಗಿನಿಂದ ಅತ್ತಿಗೆಯ ತಾಯಿ ಬಂದರು. ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ. ಆ ಹೆಂಗಸು ನಮ್ಮ ನಡುಮನೆಯಲ್ಲಿ ನಿಂತು ನನ್ನ ಅಮ್ಮನಿಗೆ ಕೈಮುಗಿದರು. "ಹುಡುಗಿ ಬುದ್ಧಿ, ತಪ್ಪು ಮಾಡ್ಯಾಳ. ಹೊಟ್ಟಿಗೆ ಹಾಕ್ಕೋರಿ ಬೀಗತಿ" ಎಂದರು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯವ್ವಾ, ನೆಲ ಒಣಗಿತ್ತು" ಎಂದಳು. "ನೀ ಸುಮ್ನಿರು" ಎಂದು ಅವರು ಮಗಳನ್ನು ಗದರಿದರು.

ಅಮ್ಮ, "ಇರ್ಲಿ ಬಿಡಿ, ಆಗಿದ್ದು ಆಗೋಯ್ತು" ಎಂದಳು. ದೊಡ್ಡ ಮನಸ್ಸಿನಿಂದ ಕ್ಷಮಿಸಿದವಳ ಹಾಗೆ. ನಾನು ಅಲ್ಲೇ ಕೂತು ಅವರು ತಂದ ರೊಟ್ಟಿ ತಿನ್ನುತ್ತಿದ್ದೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಪಿ.ಯು. ಮುಗಿದ ಮೇಲೆ ಬಿ.ಫಾರ್ಮಾ ಸೇರುತ್ತೇನೆ ಎಂದೆ. ಅಮ್ಮನಿಗೆ ಖುಷಿಯಾಯಿತು. ಇನ್ನು ಮಾತ್ರೆಗಾಗಿ ಯಾರ ಮುಂದೂ ಚೀಟಿ ಹಿಡಿದು ನಿಲ್ಲಬೇಕಿಲ್ಲ, ಕೌಂಟರಿನ ಈಚೆ ನಿಂತರೆ ಯಾವ ಮಾತ್ರೆ ಯಾರಿಗೆ ಅಂತ ಕೇಳುವವರಿಲ್ಲ ಎಂದು ಅವಳ ಯೋಚನೆ. ಅದು ನನ್ನ ತಲೆಯಲ್ಲೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಳಗಿನ ಕಾರಣ ಬೇರೆ. ಅಜ್ಜಿ ಬಿದ್ದದ್ದು ಆ ಮಾತ್ರೆಯಿಂದ ಅಲ್ಲ ಎಂದು ಯಾವುದಾದರೂ ಪುಸ್ತಕ ನನಗೆ ಹೇಳಬೇಕಿತ್ತು. ಫೋನಿನಲ್ಲಿ ಹುಡುಕಿದರೆ ಏನೇನೋ ಬರುತ್ತಿತ್ತು, ನಂಬಲಾಗುತ್ತಿರಲಿಲ್ಲ. ಸರಿಯಾಗಿ ಓದಿ ತಿಳಿದರೆ, ಅಷ್ಟು ಕಡಿಮೆ ದಿನಕ್ಕೆ ಹಾಗೆ ಆಗುವುದಿಲ್ಲ ಎಂಬ ಒಂದು ಸಾಲು ಸಿಗಬಹುದು. ನನ್ನ ಬಿಡುಗಡೆಯ ಆ ಒಂದು ಸಾಲಿಗಾಗಿ ನಾನು ಫಾರ್ಮಸಿ ಓದಿದೆ. ಇದು ನಿಜವಾದ ಉತ್ತರ.

ಎರಡನೇ ವರ್ಷದ ಪಾಠದಲ್ಲಿ ಆ ಮಾತ್ರೆ ಬಂತು. ಪಾಠ ಮಾಡುತ್ತಿದ್ದ ಮೇಷ್ಟ್ರು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದರು. ತಲೆಸುತ್ತು. ನಡಿಗೆಯ ಹಿಡಿತ ತಪ್ಪುವುದು. ವಯಸ್ಸಾದವರಲ್ಲಿ ಸೋಡಿಯಂ ಇಳಿಯುವುದು. ಬೀಳುವ ಅಪಾಯ. ಬಿ.ಪಿ. ಮಾತ್ರೆ ಜೊತೆಗಿದ್ದರೆ ಇನ್ನೂ ಹೆಚ್ಚು. ಪಕ್ಕದವಳು ಬರೆದುಕೊಳ್ಳುತ್ತಿದ್ದಳು. ನನ್ನ ಪೆನ್ನು ಓಡಲಿಲ್ಲ. ನನ್ನ ಮನೆಯ ಓಣಿಯನ್ನು ನೋಡಿ ಬಂದವರು ಬರೆದಂತಿತ್ತು.

ಆ ಸಂಜೆಯೇ ಹೇಳಬೇಕು ಅಂದುಕೊಂಡು ಮನೆಗೆ ಹೋದೆ. ಅತ್ತಿಗೆ ಅಜ್ಜಿಗೆ ಊಟ ಮಾಡಿಸುತ್ತಿದ್ದಳು. ಬಿದ್ದ ಮೇಲೆ ಅಜ್ಜಿ ವಾಕರ್ ಹಿಡಿದೇ ಓಡಾಡುತ್ತಿದ್ದಳು. ಸ್ನಾನ, ಊಟ, ತಲೆಬಾಚುವುದು ಎಲ್ಲ ಅತ್ತಿಗೆಯದೇ. ಬೀಳಿಸಿದವಳು ನೋಡಿಕೊಳ್ಳಲಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅತ್ತಿಗೆ ಆಫೀಸಿನ ಕೆಲಸ ಬಿಟ್ಟಿದ್ದಳು. ನಾನು ಕೈಕಾಲು ತೊಳೆದು, ಬೀರುವಿನಿಂದ ನನ್ನ ಮಾತ್ರೆ ತೆಗೆದು ನುಂಗಿ, ರೂಮಿಗೆ ಹೋಗಿ ಮಲಗಿದೆ. ಅಜ್ಜಿ ಅದಾದ ಮುಂದಿನ ವರ್ಷ ತೀರಿಕೊಂಡಳು. ಅವಳಿಗೂ ಹೇಳಲಿಲ್ಲ.

ಈಗ ನನಗೆ ಇಪ್ಪತ್ತಾರು. ಫಿಟ್ಸ್ ಬಂದು ವರ್ಷಗಳಾದವು, ಮಾತ್ರೆ ನಡೆಯುತ್ತಿದೆ. ನಮ್ಮ ಅಂಗಡಿಗೆ ಬರುವವರಲ್ಲಿ ನನ್ನ ಅಮ್ಮನಂಥವರು ಬೇಕಾದಷ್ಟು ಜನ. ಪಕ್ಕದವರು ಹೋಗುವ ತನಕ ಕಾದು, ಚೀಟಿಯನ್ನು ಮಡಿಸಿ ಕೊಟ್ಟು, "ಕಪ್ಪು ಕವರಲ್ಲಿ ಹಾಕಿ ಕೊಡಿ ಮೇಡಂ" ಎನ್ನುವವರು. "ಬಿಡಿಸಿ ಕೊಡ್ತೀರಾ, ಡಬ್ಬಕ್ಕೆ ಹಾಕ್ಕೋತೀವಿ" ಎನ್ನುವವರೂ ಇದ್ದಾರೆ. ಬಿಡಿಸಿ ಕೊಡುವುದಿಲ್ಲ ಎನ್ನುತ್ತೇನೆ. ಪಟ್ಟಿಯಲ್ಲೇ ಇರಲಿ, ಹೆಸರು ಕಾಣಲಿ, ಮನೆಯವರಿಗೆ ಹೇಳಿ. ಇಷ್ಟನ್ನು ಗಟ್ಟಿಯಾಗಿ ಹೇಳುವ ನಾನು ಮನೆಗೆ ಹೋಗಿ ಬೀರುವಿನ ಬೀಗ ತೆಗೆದು ಬಾಟಲಿಯಿಂದ ಮಾತ್ರೆ ನುಂಗುತ್ತಿದ್ದೆ.

ಅತ್ತಿಗೆಗೆ ಐದು ವರ್ಷದ ಮಗಳಿದ್ದಾಳೆ, ಸಿರಿ. ಅತ್ತಿಗೆ ನೆಲ ಒರೆಸಿದ ಮೇಲೆ ಒಣ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸುತ್ತಾಳೆ. ಆಮೇಲೆ ಓಣಿಗೆ ಅಡ್ಡ ಒಂದು ಪ್ಲಾಸ್ಟಿಕ್ ಕುರ್ಚಿ ಇಡುತ್ತಾಳೆ. ಅಜ್ಜಿ ಬಿದ್ದಾಗಿನಿಂದ ಇದೇ ಕ್ರಮ. ಮೊನ್ನೆ ಒಂದು ಭಾನುವಾರ ಪಕ್ಕದ ಮನೆಯ ಮಗು ಆಡಲು ಬಂದು ಕುರ್ಚಿ ತಳ್ಳಿ ಓಡಲು ನೋಡಿತು. ಸಿರಿ ಅದರ ಕೈ ಹಿಡಿದೆಳೆದಳು.

"ಅಲ್ಲಿ ಹೋಗ್ಬೇಡ, ಬೀಳ್ತೀಯಾ. ನಮ್ಮಮ್ಮ ಮುತ್ತಜ್ಜಿನ ಬೀಳಿಸಿಬಿಟ್ಟಿದ್ರು. ಗೊತ್ತಾ?"

ಅತ್ತಿಗೆ ಕೈಯಲ್ಲಿ ಒಣ ಬಟ್ಟೆ ಹಿಡಿದು ಬಗ್ಗಿದ್ದವಳು ಹಾಗೇ ನಿಂತಳು. ಮತ್ತೆ ಒರೆಸತೊಡಗಿದಳು.

ನನಗೆ ಇನ್ನು ಆಗಲಿಲ್ಲ. ಮಕ್ಕಳನ್ನು ಹೊರಗೆ ಆಡಲು ಕಳಿಸಿದೆ. ಬೀರುವಿನಿಂದ ಬಾಟಲಿ ತಂದು, ಓಣಿಯಲ್ಲಿ ಅವಳ ಎದುರು ನೆಲದ ಮೇಲೆ ಕೂತೆ. ಹೇಳಿದೆ. ನನಗೆ ಫಿಟ್ಸ್ ಇರುವುದು, ಬಾಟಲಿಯಲ್ಲಿದ್ದದ್ದು ಅದರ ಮಾತ್ರೆ, ಅಜ್ಜಿ ನುಂಗುವುದನ್ನು ನೋಡಿದ್ದು, ಬ್ಯಾಗಿನಲ್ಲಿ ಅಡಗಿಸಿದ್ದು, ನೆಲಕ್ಕೆ ಕೈಯಿಟ್ಟಾಗ ಒಣಗಿದ್ದದ್ದು. ಪೂರ್ತಿ ಹೇಳಿ ಮುಗಿಸುವ ತನಕ ಅತ್ತಿಗೆ ಬಾಟಲಿಯ ಮೇಲಿನ ಓಡುವ ಹುಡುಗಿಯನ್ನೇ ನೋಡುತ್ತಿದ್ದಳು.

"ಫಿಟ್ಸ್ ಇರೋದು ನನಗ ಗೊತ್ತೈತಿ" ಎಂದಳು ಕೊನೆಗೆ. "ಸಿರಿ ಹೊಟ್ಟ್ಯಾಗ ಇದ್ದಾಗ ನಿಮ್ಮಣ್ಣ ಹೇಳ್ಯಾರ. ನೀನ ಹೇಳ್ತಿ ಅಂತ ಕಾದೆ. ಆದ್ರ ಇದು..." ಬಾಟಲಿಯನ್ನು ಒಂದು ಸಲ ಅಲ್ಲಾಡಿಸಿದಳು. "ನಾ ಅವತ್ತ ಕೇಳಿದ್ನಲ್ಲ ಹೇಮಾ. ಕವರ್ ಹಿಡಕೊಂಡು ನಿಂತು ಕೇಳಿದ್ನಲ್ಲ."

"ಕೇಳಿದ್ರಿ ಅತ್ತಿಗೆ."

"ನೀ ಬರೀ ವಿಟಮಿನ್ ಅಂದಿ."

"ಹೌದು. ತಪ್ಪಾಯ್ತು ಅತ್ತಿಗೆ" ಎಂದು ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅಷ್ಟು ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನೆಲದ ಮೇಲಿನ ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು, ಬಾಗಿಲ ಚೌಕಟ್ಟಿಗೆ ಒರಗಿದಳು.

"ನನಗ ಹೇಳಿದ್ರ ಸಾಲಂಗಿಲ್ಲ" ಎಂದಳು ಅತ್ತಿಗೆ. ಅಮ್ಮನ ಕಡೆ ನೋಡದೆಯೇ ಹೇಳಿದಳು. "ನಮ್ಮವ್ವ ಈ ಮನ್ಯಾಗ ನಿಂತು ಕೈ ಮುಗದಾಳ. ಆಕಿಗೆ ಹೇಳು. ಈಗ ಹೇಳು."

ತನ್ನ ಫೋನಿನಲ್ಲಿ ತಾನೇ ಕರೆ ಮಾಡಿ, ಸ್ಪೀಕರ್ ಹಾಕಿ, ನೆಲದ ಮೇಲೆ ಬಾಟಲಿಯ ಪಕ್ಕ ಇಟ್ಟಳು. ಗದಗಿನ ಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸಿತು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಕರೆ ಕಡಿದುಹೋಯಿತೇನೋ ಅಂತ ಫೋನು ನೋಡಿದೆ.

"ಈಗ ಆರಾಮ ಅದಿಯೇನವಾ?" ಎಂದರು ಅವರು. "ಮತ್ತ ಬಂದಿಲ್ಲಲ್ಲ ಅದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಪ್ರಶ್ನೆಗೆ ಅತ್ತುಬಿಟ್ಟೆ. ನನ್ನ ಕಾಯಿಲೆಯನ್ನು ಜನ ಏನು ಮಾಡಿಬಿಡುತ್ತಾರೋ ಎಂದು ಒಂಬತ್ತು ವರ್ಷ ಹೆದರಿದ್ದೆ. ಗೊತ್ತಾದ ಮೇಲೆ ಆ ಹೆಂಗಸು ಮಾಡಿದ್ದು ಇಷ್ಟು.

"ನನ್ನ ಮಗಳು ಅಲ್ಲೇ ಅದಾಳೇನು?" ಎಂದರು.

"ಅದೀನಿ, ಹೇಳವ್ವಾ" ಎಂದಳು ಅತ್ತಿಗೆ.

"ನೀ ಅವತ್ತ ಹೇಳಿದ್ದಿ. ನಿಮ್ಮತ್ತಿ ನಂಬಲಿಲ್ಲ ಅಂದ್ರ ಹೋಗ್ಲಿ." ಅವರ ದನಿ ಒಡೆಯಿತು. "ಹಡದಾಕಿ, ನಾನೂ ನಂಬಲಿಲ್ಲಲ್ಲವ್ವಾ."

ಅತ್ತಿಗೆ ಕೈಯಲ್ಲಿದ್ದ ಒಣ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಅಂಗೈಯನ್ನು ನೆಲದ ಮೇಲೆ ಊರಿದಳು.

"ಒಣಗಿತ್ತವ್ವಾ" ಎಂದಳು.